ಪುಣೆಯಲ್ಲಿ ಪುಟ್ಟ ಮಕ್ಕಳನ್ನು ದಿನಾ ಸೈಕಲ್ ಮೇಲೆ ಶಾಲೆಗೆ ಬಿಡೋದು ಹೇಗೆ

ನಮ್ಮ ಮನೆ ಕರ್ವೆನಗರದಲ್ಲಿ. ಮಕ್ಕಳ ಶಾಲೆ ಎರಂಡವಣೆ ಕಡೆ, ಹೆಚ್ಚುಕಡಿಮೆ 3 ಕಿಲೋಮೀಟರ್. ಅಲ್ಲಿಂದ ಡೆಕ್ಕನ್ ಹತ್ತಿರದ ನನ್ನ ಆಫೀಸಿಗೆ ಇನ್ನೊಂದು 2. ಮೂರು ಮಕ್ಕಳು. ದೊಡ್ಡವಳಿಗೆ 8 ವರ್ಷ, ನಡುವಿನವನಿಗೆ ನಾಲ್ಕೂವರೆ, ಚಿಕ್ಕವನಿಗೆ ಎರಡೂವರೆ. ಮೂರು ವರ್ಷದಿಂದ ಸೈಕಲ್ ಮೇಲೇ ಓಡಾಟ. ಮೊದಲು ದೊಡ್ಡವಳು ಹಿಂದೆ, ನಡುವಿನವನು ಮುಂದೆ ಕೂರುತ್ತಿದ್ದರು. ಈಗ ದೊಡ್ಡವಳು ತನ್ನದೇ ಸೈಕಲ್ ತುಳಿಯುತ್ತಾಳೆ, ನಡುವಿನವನು ಹಿಂದಿನ ಸೀಟಿಗೆ ಬಡ್ತಿ ಪಡೆದಿದ್ದಾನೆ, ಮುಂದೆ ಚಿಕ್ಕವನು. ನಮ್ಮ ಸೊಸಾಯಟಿಯಲ್ಲಿ, ಊರಿಂದ ಬಂದ ನೆಂಟರಲ್ಲಿ, ತುಂಬಾ ಜನ ಕೇಳುತ್ತಾರೆ, ಇದು ಹೇಗೆ ಸಾಧ್ಯ, ಭಯ ಆಗಲ್ವಾ ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಸೀಟು ಹಾಕಿಸೋಕೆ ಹೋದಾಗ, ನಮ್ಮ ಗಲ್ಲಿಯ ಸೈಕಲ್ ರಿಪೇರಿಯವರು, ವಿಜಯಪುರ ಕಡೆಯವರು, ಒಂದು ಮಾತು ಹೇಳಿದರು: "ಅಕ್ಕಾರ, ಸೈಕಲ್ ಓಡೂವಾಗ ಬೀಳೂದಿಲ್ರಿ, ನಿಂತಾಗ ಬೀಳ್ತೈತಿ." ಆಗ ನನಗೆ ಅದು ಪೂರ್ತಿ ಅರ್ಥ ಆಗಿರಲಿಲ್ಲ. ಆಮೇಲೆ ಒಂದು ದಿನ ಶಾಲೆ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಹಿಂದಿನ ಬೆಲ್ಟ್ ಬಿಚ್ಚೋಕೆ ತಿರುಗಿದೆ. ಅಷ್ಟರಲ್ಲಿ ಮುಂದೆ ಕೂತವನು ಗೆಳೆಯನನ್ನು ನೋಡಿ ಪಕ್ಕಕ್ಕೆ ವಾಲಿದ. ಹ್ಯಾಂಡಲ್ ತಿರುಗಿತು, ಇಡೀ ಭಾರ ನನ್ನ ತೊಡೆ ಮೇಲೆ ಬಂತು, ಮೆಲ್ಲಗೆ ಮೂವರೂ ನೆಲಕ್ಕೆ ಬಂದೆವು. ಮಗಳ ಮೊಣಕೈ ತರಚಿತು, ಅಷ್ಟೇ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಮೂರು ವರ್ಷದಲ್ಲಿ ಓಡುವಾಗ ಒಮ್ಮೆಯೂ ಬಿದ್ದಿಲ್ಲ. ಬಿದ್ದದ್ದು, ಬೀಳೋ ಹಾಗೆ ಆದದ್ದು, ಎಲ್ಲಾ ನಿಂತಾಗಲೇ: ಹತ್ತಿಸುವಾಗ, ಇಳಿಸುವಾಗ, ಸಿಗ್ನಲ್‌ನಲ್ಲಿ, ಏರಿನಲ್ಲಿ ಶುರು ಮಾಡುವಾಗ. ಹಾಗಾಗಿ ಕೆಳಗೆ ನಾನು ಹೇಳೋದರಲ್ಲಿ ಜಾಸ್ತಿ ಪಾಲು ನಿಲ್ಲಿಸೋದರ ಬಗ್ಗೆಯೇ ಇದೆ.

ಮೊದಲು ತೂಕ ನೋಡಿ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಮಕ್ಕಳನ್ನು ಬೂಟು ಹಾಕಿಸಿಯೇ ನಿಲ್ಲಿಸಿ. ಯುರೋಪಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾದ ಸೀಟುಗಳಲ್ಲಿ ಮುಂದಿನದಕ್ಕೆ 15 ಕಿಲೋ, ಹಿಂದಿನದಕ್ಕೆ 22 ಕಿಲೋ ಮಿತಿ ಇರುತ್ತದೆ, ಸೀಟಿನ ಮೇಲೇ ಬರೆದಿರುತ್ತದೆ. ಜನ ಮರೆಯೋದು ಕ್ಯಾರಿಯರ್. ಸುಮಾರು ಕ್ಯಾರಿಯರ್‌ಗಳ ಮೇಲೆ 25 ಕಿಲೋ ಅಂತ ಅಚ್ಚಾಗಿರುತ್ತದೆ. ಸೀಟೇ 3–4 ಕಿಲೋ ಇದ್ದರೆ ಮಗುವಿಗೆ ಉಳಿಯೋದು 21–22 ಮಾತ್ರ. ಅದರ ಮೇಲೆ ಶಾಲೆ ಚೀಲವನ್ನೂ ನೇತುಹಾಕಿದರೆ ಮುಗಿಯಿತು. ಅಚ್ಚೇ ಇಲ್ಲದ ತೆಳು ಅಲ್ಯೂಮಿನಿಯಂ ಕ್ಯಾರಿಯರ್, ಸೀಟಿನ ಕಂಬಕ್ಕೆ ಒಂದೇ ಕಡೆ ಸಿಕ್ಕಿಸೋ ಥರದ್ದು, ಅದಕ್ಕೆ ಮಗುವನ್ನು ಕೂರಿಸಲೇಬೇಡಿ. ಎರಡೂ ಕಡೆ ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಕಾಲೂರಿ ನಿಲ್ಲೋ ಕಬ್ಬಿಣದ ಕ್ಯಾರಿಯರ್ ಬೇಕು.

ಒಂದು ಸೈಕಲ್ಲಿಗೆ ಇಬ್ಬರೇ ಮಕ್ಕಳು. ಮೂರನೆಯವರನ್ನು ಹೇಗಾದರೂ ಹೊಂದಿಸೋಣ ಅಂತ ನನಗೂ ಅನಿಸಿತ್ತು. ಜಪಾನಿನಲ್ಲಿ ಅಮ್ಮಂದಿರು ಹಿಂದೊಂದು ಮುಂದೊಂದು ಕೂರಿಸಿಕೊಂಡು ಹೋಗೋದು ಮಾಮೂಲು, 2009ರಲ್ಲಿ ಅಲ್ಲಿ ಕಾನೂನೇ ಅದಕ್ಕೆ ಒಪ್ಪಿತು, ಆದರೆ ಅದಕ್ಕಂತಲೇ ಗಟ್ಟಿಯಾಗಿ ಮಾಡಿದ ಸೈಕಲ್ ಆಗಿರಬೇಕು ಅನ್ನೋ ಷರತ್ತಿನ ಮೇಲೆ. ನೆದರ್‌ಲ್ಯಾಂಡ್ಸಿನಲ್ಲಿ ಮುಂದೆ ಮರದ ಪೆಟ್ಟಿಗೆ ಇರೋ ಉದ್ದನೆಯ ಸೈಕಲ್‌ಗಳಲ್ಲಿ ಮೂರು ನಾಲ್ಕು ಮಕ್ಕಳೂ ಹೋಗುತ್ತಾರೆ. ಇಲ್ಲಿ ಅಂಥದ್ದು ಸುಲಭಕ್ಕೆ ಸಿಗೋದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಫ್ರೇಮು ಉದ್ದ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಫ್ರೇಮಿಗೆ ಬೆಸುಗೆ ಹಾಕಿದ ಜಾಗದ ಪಕ್ಕದಲ್ಲೇ ಮುಂದೆ ಬಿರುಕು ಬಿಡೋ ಸಾಧ್ಯತೆ ಜಾಸ್ತಿ. ಹಿಂದೆ ಗಾಡಿ ಕಟ್ಟಿ ಎಳೆಯೋ ಟ್ರೇಲರ್ ಕೂಡ ನನಗೆ ಒಪ್ಪಿಗೆ ಇಲ್ಲ. ಅದು ತೀರಾ ತಗ್ಗು, ರಿಕ್ಷಾದವರ ಕಣ್ಣಿಗೇ ಬೀಳೋದಿಲ್ಲ.

ಸೈಕಲ್ ಯಾವುದು? ನಡುವೆ ಅಡ್ಡ ಕಂಬಿ ಇಲ್ಲದ್ದು, ಲೇಡೀಸ್ ಸೈಕಲ್ ಅಂತಾರಲ್ಲ ಅದು. ಅಪ್ಪಂದಿರಿಗೂ ಇದೇ ಸರಿ. ಹಿಂದೆ ಸೀಟು, ಸೀಟಿನಲ್ಲಿ ಮಗು ಇರುವಾಗ ಕಾಲು ಎತ್ತಿ ಹಿಂದಿನಿಂದ ಹತ್ತೋಕೆ ಆಗೋದಿಲ್ಲ. ನಿಮ್ಮ ಸೀಟನ್ನು ಇಳಿಸಿ, ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತುಳಿಯೋಕೆ ಸ್ವಲ್ಪ ಮೊಣಕಾಲು ನೋಯುತ್ತದೆ ನಿಜ, ಆದರೆ ತುದಿಗಾಲಲ್ಲಿ ನಿಂತು 30 ಕಿಲೋ ಮಕ್ಕಳನ್ನು ಹಿಡಿಯೋಕೆ ಯಾರಿಂದಲೂ ಆಗೋದಿಲ್ಲ. ಹಳೇ ಕಂಬಿ ಬ್ರೇಕಿನ ಸೈಕಲ್ ಬೇಡ, ವಿ-ಬ್ರೇಕ್ ಆಗಬಹುದು, ಡಿಸ್ಕ್ ಇದ್ದರೆ ಇನ್ನೂ ಒಳ್ಳೇದು. ಹಿಂದಿನ ಚಕ್ರಕ್ಕೆ 36 ಕಡ್ಡಿ ಇರಲಿ. ಏರು ಜಾಸ್ತಿ ಇರೋ ಕಡೆ, ಉದಾಹರಣೆಗೆ ವಾರ್ಜೆ ಅಥವಾ ಬಾವಧನ್ ಕಡೆಯವರಾದರೆ, ಮೋಟರ್ ಇರೋ ಸೈಕಲ್ ಯೋಚಿಸಿ. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ನೋಂದಣಿ, ಲೈಸೆನ್ಸು ಬೇಕಿಲ್ಲ.

ಈಗ ಪಾದದ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಕಡೆ ಮಕ್ಕಳಿಗೆ ಸೈಕಲ್‌ನಿಂದ ಆಗೋ ಕೆಟ್ಟ ಗಾಯಗಳಲ್ಲಿ ಹಿಂದಿನ ಚಕ್ರದ ಕಡ್ಡಿಗೆ ಹಿಮ್ಮಡಿ ಸಿಕ್ಕಿಕೊಳ್ಳೋದು ಒಂದು. ನಮ್ಮ ಚಿಕ್ಕಪ್ಪನ ಕಾಲಲ್ಲಿ ಆ ಗುರುತು ಇವತ್ತಿಗೂ ಇದೆ. ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಮಗುವನ್ನು ಕೂರಿಸಿದರೆ ಕಾಲು ಇಡೋಕೆ ಜಾಗವೇ ಇರೋದಿಲ್ಲ, ಅದು ಚಕ್ರದ ಪಕ್ಕದಲ್ಲೇ ತೂಗಾಡುತ್ತದೆ, ನಿದ್ದೆ ಬಂದಾಗ ಒಳಗೆ ಸರಿಯುತ್ತದೆ. ಪಾದ ಇಡೋ ಬಟ್ಟಲು, ಅದಕ್ಕೊಂದು ಪಟ್ಟಿ, ಕಾಲಿನ ಒಳಬದಿಗೆ ಪ್ಲಾಸ್ಟಿಕ್ ಗೋಡೆ ಇರೋ ಸೀಟೇ ಬೇಕು. ಅದರ ಜೊತೆಗೆ ಚಕ್ರದ ಎರಡೂ ಕಡೆ ಜಾಲರಿ ಗಾರ್ಡ್ ಹಾಕಿಸಿ. ಮಕ್ಕಳಿಗೆ ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚೋ ಬೂಟು. ನಿಮ್ಮ ದುಪಟ್ಟಾ ಕೂಡ: ಪುಣೆಯಲ್ಲಿ ಎಲ್ಲರೂ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ತುದಿ ಹಾರಿಸಿಕೊಂಡು ಹೋಗುತ್ತಾರೆ, ಸೈಕಲ್ ಮೇಲೆ ಆ ತುದಿಯನ್ನು ಕುರ್ತಾ ಒಳಗೆ ಸಿಕ್ಕಿಸಿ.

ನಟ್ಟು ಬೋಲ್ಟಿನ ಬಗ್ಗೆ ನನ್ನದೇ ಒಂದು ಕಥೆ. ಹಿಂದಿನ ಸೀಟು ಹಾಕಿಸಿ ಮೂರು ವಾರ ಆಗಿತ್ತು. ದಾರಿಯಲ್ಲಿ ಸರ್ ಸರ್ ಅಂತ ಸಣ್ಣ ಸದ್ದು. ನಿಲ್ಲಿಸಿ ನೋಡಿದರೆ ಮಗಳ ಬೂಟಿನ ಅಂಚು ಟೈರಿಗೆ ಉಜ್ಜುತ್ತಿದೆ. ಕ್ಯಾರಿಯರ್ ಬಲಗಡೆ ವಾಲಿತ್ತು, ಎಡಗಾಲಿನ ಬೋಲ್ಟು ಅರ್ಧ ಹೊರಗೆ ಬಂದಿತ್ತು. ಸೀಟು ಕೂರಿಸಿದ ಅಂಗಡಿಯಲ್ಲಿ ವಾಷರೇ ಹಾಕಿರಲಿಲ್ಲ. ನಮ್ಮ ರಿಪೇರಿಯವರು ಅದನ್ನೆಲ್ಲಾ ತೆಗೆದು, ಒಳಗೆ ನೈಲಾನ್ ಉಂಗುರ ಇರೋ ನಟ್ಟು ಹಾಕಿಕೊಟ್ಟರು, ಅದು ಅದುರಿದರೂ ಸುಲಭಕ್ಕೆ ಸಡಿಲ ಆಗೋದಿಲ್ಲ. ಆಮೇಲೆ ನಟ್ಟಿನ ಮೇಲೂ ಕಬ್ಬಿಣದ ಮೇಲೂ ಸೇರಿ ನೇಲ್ ಪಾಲಿಶಿನಿಂದ ಒಂದು ಗೀಟು ಎಳೆದರು. ಗೀಟು ಮುರಿದಂತೆ ಕಂಡರೆ ನಟ್ಟು ತಿರುಗಿದೆ ಅಂತ ಅರ್ಥ. ಬೆಳಿಗ್ಗೆ ಹೊರಡುವಾಗ ಆ ನಾಲ್ಕು ಕೆಂಪು ಗೀಟು ನೋಡೋಕೆ ಹತ್ತು ಸೆಕೆಂಡು ಸಾಕು.

ಮಕ್ಕಳನ್ನು ಕೂರಿಸೋ ಮೊದಲು ಅಕ್ಕಿ ಕೂರಿಸಿ. ನಿಜವಾಗಿಯೂ. ಹಿಂದೆ 15 ಕಿಲೋ, ಮುಂದೆ 10 ಕಿಲೋ ಅಕ್ಕಿ ಚೀಲ ಬೆಲ್ಟ್ ಹಾಕಿ ಕಟ್ಟಿಕೊಂಡು ಒಂದು ವಾರ ಸೊಸಾಯಟಿ ಪಾರ್ಕಿಂಗಿನಲ್ಲಿ ಸುತ್ತು ಹೊಡೆಯಿರಿ. ನಿಲ್ಲಿಸಿ, ಶುರು ಮಾಡಿ, ಮತ್ತೆ ನಿಲ್ಲಿಸಿ. ಸ್ಪೀಡ್ ಬ್ರೇಕರ್ ಮೇಲೆ ಹೋಗಿ. ಹ್ಯಾಂಡಲ್ ಎಷ್ಟು ಭಾರ ಆಗುತ್ತದೆ, ಬ್ರೇಕ್ ಹಿಡಿದ ಮೇಲೂ ಎಷ್ಟು ದೂರ ಹೋಗುತ್ತದೆ ಅನ್ನೋದು ಕೈಗೆ ಗೊತ್ತಾಗಬೇಕು.

ಹತ್ತಿಸೋ ಕ್ರಮ ನಮ್ಮದು ಹೀಗೆ. ಡಬಲ್ ಸ್ಟ್ಯಾಂಡ್ ಹಾಕಬೇಕು, ಸೈಡ್ ಸ್ಟ್ಯಾಂಡ್ ಲೆಕ್ಕಕ್ಕಿಲ್ಲ. ಜಾಗ ಸಮತಟ್ಟಾಗಿರಬೇಕು. ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರವನ್ನು ಮುಂದಿನ ಬ್ರೇಕಿನ ಲಿವರ್‌ಗೆ ಸಿಕ್ಕಿಸಿದರೆ ಬ್ರೇಕ್ ಹಿಡಿದೇ ಇರುತ್ತದೆ, ಸೈಕಲ್ ಮುಂದೆ ಜರುಗೋದಿಲ್ಲ. ಹೆಲ್ಮೆಟ್ ನೆಲದ ಮೇಲೆ ನಿಂತಾಗಲೇ ಹಾಕಿಸಿ. ಮೊದಲು ಹಿಂದಿನವನು, ಯಾಕೆಂದರೆ ಸ್ಟ್ಯಾಂಡ್ ಇರೋದು ಹಿಂದೆ, ಆ ಭಾರಕ್ಕೆ ಸೈಕಲ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಮುಂದಿನವನು. ಇಳಿಸುವಾಗ ತಿರುಗಾಮುರುಗಾ: ಮುಂದಿನವನು ಮೊದಲು. ಇಷ್ಟೆಲ್ಲಾ ನಡೆಯುವಾಗ ನನ್ನ ಸೊಂಟ ಸೈಕಲ್ಲಿಗೆ ಒರಗಿಯೇ ಇರುತ್ತದೆ. ಸ್ಟ್ಯಾಂಡ್ ಹಾಕಿದೆ ಅಂತ ಮಗುವನ್ನು ಸೀಟಿನಲ್ಲೇ ಬಿಟ್ಟು ಬಾಗಿಲಿಗೆ ಬೀಗ ಹಾಕೋಕೆ ಹೋಗೋದು, ಅಂಗಡಿಯಲ್ಲಿ ಹಾಲು ತರೋದು, ಒಂದು ನಿಮಿಷಕ್ಕೂ ಬೇಡ. ಮತ್ತೆ ಹ್ಯಾಂಡಲ್ಲಿಗೆ ಊಟದ ಚೀಲ ನೇತುಹಾಕಬೇಡಿ, ಅದು ತೂಗಾಡಿ ನಿಮ್ಮ ಕೈಯನ್ನೇ ಎಳೆಯುತ್ತದೆ. ಚೀಲಗಳನ್ನು ನಾನು ಬೆನ್ನಿಗೆ ಹಾಕಿಕೊಳ್ಳುತ್ತೇನೆ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿ ಕೆಳಗೆ ಒಂದು ಬೆರಳು ಹೋಗಬೇಕು. ಟೇಪಿನಿಂದ ತಲೆಯ ಸುತ್ತಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ, ಬೆಳೆಯುತ್ತಾನೆ ಬಿಡು ಅಂತ ದೊಡ್ಡದು ತರಬೇಡಿ. ಬೈಕ್ ಮೇಲೆ 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಸೇಫ್ಟಿ ಬೆಲ್ಟ್ ಕಡ್ಡಾಯ ಅನ್ನೋ ನಿಯಮ 2023ರಿಂದ ಇದೆ, ವೇಗವೂ 40 ಮೀರಬಾರದು. ಸೈಕಲ್‌ಗೆ ಅದು ಅನ್ವಯಿಸೋದಿಲ್ಲ. ತಲೆ ಮಾತ್ರ ಅದೇ ಅಲ್ವಾ? ಒಂದು ವರ್ಷ ತುಂಬದ, ತಾನಾಗಿ ಗಟ್ಟಿಯಾಗಿ ಕೂರದ ಮಗುವನ್ನು ಸೈಕಲ್ ಮೇಲೆ ಒಯ್ಯಲೇಬೇಡಿ.

ದಾರಿ ಆರಿಸುವಾಗ ದೂರ ನೋಡಬೇಡಿ, ಎಷ್ಟು ಸಲ ನಿಲ್ಲಬೇಕು ಅಂತ ನೋಡಿ. ಕರ್ವೆ ರಸ್ತೆ ನೇರ ಇದೆ, ಆದರೆ ಮೆಟ್ರೋ ಕಂಬಗಳ ಪಕ್ಕದಲ್ಲಿ ಬಸ್ಸು, ರಿಕ್ಷಾ, ರಾಂಗ್ ಸೈಡಿನಲ್ಲಿ ಬರೋ ಸ್ಕೂಟರು, ಎಲ್ಲಾ ಅಲ್ಲೇ. ನಾವು ಒಳಗಲ್ಲಿಗಳಲ್ಲೇ ಹೋಗುತ್ತೇವೆ, ಅರ್ಧ ಕಿಲೋಮೀಟರ್ ಜಾಸ್ತಿ. ಶಾಲೆಯಿಂದ ಆಚೆ ಆಫೀಸಿಗೆ ಪ್ರಭಾತ್ ರಸ್ತೆ ಗಲ್ಲಿಗಳ ಮರದ ನೆರಳು ಸಿಗುತ್ತದೆ. ನಳ ಸ್ಟಾಪ್ ಥರದ ದೊಡ್ಡ ಚೌಕ ದಾಟಬೇಕಾದಾಗ ಇಳಿದು ತಳ್ಳಿಕೊಂಡು ಹೋಗುತ್ತೇನೆ, ಅದರಲ್ಲಿ ಸಂಕೋಚ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಒಂದು ಸಲ, ಆಮೇಲೆ ಶಾಲೆಯ ಹೊತ್ತಿಗೇ ಒಂದು ಸಲ ಒಬ್ಬರೇ ಹೋಗಿ ನೋಡಿ ಬನ್ನಿ. ನಾಲ್ಕನೇ ತರಗತಿವರೆಗೆ ಶಾಲೆ 9ಕ್ಕಿಂತ ಮೊದಲು ಶುರು ಆಗಬಾರದು ಅಂತ 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಹೇಳಿತು. ಮಕ್ಕಳ ನಿದ್ದೆಗೆ ಒಳ್ಳೇದು, ಆದರೆ ಶಾಲೆಯ ಹೊತ್ತು ಆಫೀಸಿನ ಹೊತ್ತು ಒಂದೇ ಆಗಿಬಿಡುತ್ತದೆ. ನಾವು 8:15ಕ್ಕೇ ಹೊರಡುತ್ತೇವೆ, ಗೇಟಿನ ಪಕ್ಕದ ಕಟ್ಟೆ ಮೇಲೆ ಕೂತು ಬಾಳೆಹಣ್ಣು ತಿನ್ನೋಕೆ ಸಮಯ ಸಿಗುತ್ತದೆ.

ದೊಡ್ಡವಳು ನನ್ನ ಮುಂದೆ, ರಸ್ತೆಯ ಎಡ ಅಂಚಿನಿಂದ ಒಂದು ಮಾರು ಬಿಟ್ಟು ಹೋಗುತ್ತಾಳೆ. ಹಿಂದೆ ಇದ್ದರೆ ನನಗೆ ಕಾಣೋದಿಲ್ಲ. ನಿಲ್ಲು ಅಂತ ಹೇಳಿದರೆ ಯಾಕೆ ಅಂತ ಕೇಳದೆ ನಿಲ್ಲಬೇಕು, ಜಗಳ ಆಮೇಲೆ. ಈ ಒಂದು ಒಪ್ಪಂದ ಆಗೋವರೆಗೂ ಅವಳನ್ನು ರಸ್ತೆಗೆ ಇಳಿಸಲಿಲ್ಲ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾನು ಸ್ವಲ್ಪ ಹಿಂಜರಿಯುತ್ತೇನೆ. ತುಂತುರಿಗೆ ಹೋಗುತ್ತೇವೆ, ಜೋರು ಮಳೆಗೆ ರಿಕ್ಷಾ. ಮಕ್ಕಳಿಗೆ ಗುಂಡಿ ಹಾಕೋ ಗಿಡ್ಡ ರೇನ್‌ಕೋಟು, ಕಾಲವರೆಗೆ ಇಳಿಬೀಳೋ ಅಗಲದ್ದು ಚಕ್ರಕ್ಕೆ ಸಿಗುತ್ತದೆ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಬೇಗ ಹಿಡಿಯೋದಿಲ್ಲ, ಮೊದಲೇ ಮೆಲ್ಲಗೆ ಒಂದೆರಡು ಸಲ ಒತ್ತಿ ನೀರು ಒರೆಸಿಕೊಳ್ಳಿ. ಜೀಬ್ರಾ ಪಟ್ಟಿ, ಗಟಾರದ ಮುಚ್ಚಳ, ಕಿತ್ತ ಪೇವರ್ ಬ್ಲಾಕ್ ಮೇಲೆ ತಿರುಗಿಸಬೇಡಿ. ನೀರು ನಿಂತ ಕಡೆ ಕೆಳಗೆ ಗುಂಡಿ ಇದೆ ಅಂತಲೇ ತಿಳಿದುಕೊಳ್ಳಿ. ಖಡಕವಾಸ್ಲಾ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟರೆ ನದಿ ಮೇಲಿನ ತಗ್ಗಾದ ಭಿಡೆ ಸೇತುವೆ ಮುಳುಗುತ್ತದೆ, ಆ ದಾರಿಯವರು ಬೆಳಿಗ್ಗೆ ಸುದ್ದಿ ನೋಡಿಯೇ ಹೊರಡಿ. ಪಂಢರಪುರಕ್ಕೆ ನಡೆದು ಹೋಗೋ ಭಕ್ತರ ಪಾಲಖಿ ಊರಿಗೆ ಬಂದ ದಿನ, ಗಣಪತಿ ಮೆರವಣಿಗೆ ದಿನ ಸೈಕಲ್ ಮನೆಯಲ್ಲೇ.

ಚಳಿಗಾಲದಲ್ಲಿ ತುಳಿಯೋರಿಗೆ ಬೆವರು, ಕೂತವರಿಗೆ ನಡುಕ. ನನಗೆ ಸೆಕೆ ಅಂತ ಮಗನಿಗೆ ಸ್ವೆಟರ್ ಹಾಕದೆ ಹೋದ ದಿನ ಅವನ ಬೆರಳು ಮಂಜಿನ ಹಾಗೆ ತಣ್ಣಗಾಗಿದ್ದವು. ಕೈಗೆ ಗ್ಲೌಸ್ ಹಾಕಿ, ಆದರೆ ಹೆಲ್ಮೆಟ್ ಕೆಳಗೆ ದಪ್ಪ ಉಲ್ಲನ್ ಟೋಪಿ ಬೇಡ, ಹೆಲ್ಮೆಟ್ ಸಡಿಲ ಆಗುತ್ತದೆ. ಕಿವಿಗೆ ತೆಳು ಬಟ್ಟೆ ಸಾಕು.

ವಾರಕ್ಕೊಮ್ಮೆ ಗಾಳಿ ಹೊಡೆಸಿ, ಎಷ್ಟು ಅಂತ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಹಿಂದಿನ ಚಕ್ರದಿಂದ ಟಿಕ್ ಟಿಕ್ ಸದ್ದು ಬಂದರೆ ಕಡ್ಡಿ ಸಡಿಲ ಆಗಿದೆ, ಒಂದು ಮುರಿಯೋ ಮೊದಲೇ ಬಿಗಿ ಮಾಡಿಸಿ.

ಮೂರು ತಿಂಗಳಿಗೊಮ್ಮೆ ತೂಕ ನೋಡುತ್ತೇವೆ, ಕ್ಯಾಲೆಂಡರ್ ಹಿಂದೆ ಬರೆದಿಡುತ್ತೇವೆ. ಚಿಕ್ಕವನು ಈಗ 13 ಕಿಲೋ. 15 ಆದ ದಿನ ಅವನು ಹಿಂದಕ್ಕೆ ಹೋಗಬೇಕು, ಹಿಂದಿನವನು ಸೀಟು ಬಿಟ್ಟುಕೊಡಬೇಕು. ಅವನಿಗಂತ 16 ಇಂಚಿನ ಸೈಕಲ್ ಮೆಟ್ಟಿಲ ಕೆಳಗೆ ಬಂದು ನಿಂತಿದೆ, ಅಕ್ಕನ ಹಳೇದು. ಬ್ರೇಕ್ ಲಿವರ್ ಅವನ ಬೆರಳಿಗೆ ಎಟುಕೋದಿಲ್ಲ, ಒಳಗೆ ತಿರುಗಿಸಿ ಹತ್ತಿರ ಮಾಡಿಸಬೇಕು. ಈ ಭಾನುವಾರ ರಿಪೇರಿಯವರ ಹತ್ತಿರ ಒಯ್ಯುತ್ತೇವೆ.