ಹಳೆಯ ಅಡಿಗಲ್ಲು: ಗುರುತು ಓದಿ, ಕೊರಡಿನ ಮೇಲೆ ಕೂರಿಸುವ ಬಗೆ

ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಹಳೆಯ ಅಡಿಗಲ್ಲಿನ (ಅನ್ವಿಲ್) ತುಕ್ಕನ್ನು ತಂತಿ ಬ್ರಷ್‌ನಿಂದಷ್ಟೇ ಉಜ್ಜಿ. ಗ್ರೈಂಡರ್ ಹಿಡಿದರೆ ತಯಾರಕರ ಗುರುತೇ ಅಳಿಸಿಹೋಗುತ್ತದೆ. ಪಕ್ಕಗಳಿಗೆ ಸೀಮೆಸುಣ್ಣದ ಪುಡಿ ಸವರಿ ಟಾರ್ಚನ್ನು ಓರೆಯಾಗಿ ಬಿಟ್ಟರೆ ಮಾಸಿದ ಅಕ್ಷರಗಳೂ ಎದ್ದು ಕಾಣುತ್ತವೆ.

ಇಂಗ್ಲೆಂಡಿನ ಪೀಟರ್ ರೈಟ್, ಮೌಸ್‌ಹೋಲ್ ಕಂಪನಿಗಳ ಅಡಿಗಲ್ಲುಗಳ ಪಕ್ಕದಲ್ಲಿ ಬಿಡಿಬಿಡಿಯಾಗಿ ಮೂರು ಅಂಕಿ ಇರುತ್ತವೆ. ಅದು ತೂಕ. ಮೊದಲನೆಯದನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೆಯೇ ಕೂಡಿಸಿದರೆ ಪೌಂಡಿನಲ್ಲಿ ತೂಕ ಸಿಗುತ್ತದೆ. 1-2-14 ಎಂದಿದ್ದರೆ 112+56+14, ಅಂದರೆ 182 ಪೌಂಡ್, ಸುಮಾರು 83 ಕೆ.ಜಿ. ನಡುವಿನ ಅಂಕಿ 3 ದಾಟುವುದಿಲ್ಲ, ಕೊನೆಯದು 27 ದಾಟುವುದಿಲ್ಲ. ಹಾಗಾಗಿ 150 ಎಂದು ಕಂಡರೆ ಅದು ನೇರ ಪೌಂಡ್ ಲೆಕ್ಕ, ಬಹುಪಾಲು ಅಮೆರಿಕದ್ದು. 128 ಎಂದಿದ್ದರೆ ಮಾತ್ರ ಗೊಂದಲ: ಒಂದು ಲೆಕ್ಕದಲ್ಲಿ 58 ಕೆ.ಜಿ., ಇನ್ನೊಂದರಲ್ಲಿ 80. ಆಗ ತಕ್ಕಡಿಯೇ ಗತಿ.

ಪೀಟರ್ ರೈಟ್‌ನಲ್ಲಿ 'ಸಾಲಿಡ್ ರಾಟ್' (SOLID WROUGHT) ಎಂಬ ದುಂಡು ಮುದ್ರೆಯೂ ಪಾದಗಳ ಮೇಲೆ ಸಣ್ಣ ಚಪ್ಪಟೆ ಅಂಚೂ ಇರುತ್ತವೆ. ಅಮೆರಿಕದ ಬ್ರೂಕ್ಲಿನ್‌ನ ಹೇ-ಬಡನ್ ಆದರೆ ಕೊಂಬಿನ (ಮುಂದಿನ ಚೂಪು ಮೂತಿ) ಕೆಳಗಿನ ಪಾದದಲ್ಲಿ ಸರಣಿ ಸಂಖ್ಯೆ, ತಳದಲ್ಲಿ ಡಮರುವಿನಾಕಾರದ ಗುಳಿ. ಫಿಶರ್‌ನ (ಇದೂ ಅಮೆರಿಕದ್ದು) ಪಕ್ಕದಲ್ಲಿ ಹದ್ದಿನ ಚಿತ್ರ. ಹೆಸರೇ ಇಲ್ಲದಿದ್ದರೆ ಹಿಮ್ಮಡಿ (ಕೊಂಬಿಗೆ ಎದುರಿನ ತುದಿ) ನೋಡಿ: ಚೌಕ ತೂತು ಇದ್ದು ದುಂಡು ತೂತು ಇಲ್ಲದಿದ್ದರೆ ಸಾಮಾನ್ಯವಾಗಿ 19ನೇ ಶತಮಾನದ ಆರಂಭದ್ದು ಅಥವಾ ಅದಕ್ಕೂ ಹಳೆಯದು. ಸೊಂಟದಲ್ಲೋ (ನಡುವಿನ ಕಿರಿದಾದ ಭಾಗ) ತಳದಲ್ಲೋ ಇರುವ ಚೌಕ ಕುಳಿಗಳು ಬಡಿದು ಮಾಡುವಾಗ ಕಾದ ಮುದ್ದೆಯನ್ನು ಹಿಡಿಯಲು ಇಟ್ಟವು, ದೋಷವಲ್ಲ.

ಹೆಸರಿಗಿಂತ ಮೇಲ್ಮೈಯ ಹದ ಮುಖ್ಯ. 12 ಮಿ.ಮೀ. ಬೇರಿಂಗ್ ಗುಂಡನ್ನು 25 ಸೆಂ.ಮೀ. ಎತ್ತರದಿಂದ ಬಿಡಿ. 18-20 ಸೆಂ.ಮೀ. ಪುಟಿದರೆ ಒಳ್ಳೆಯ ಮಾಲು. ಎಲ್ಲೆಡೆಯೂ 12ಕ್ಕಿಂತ ಕಡಿಮೆಯಾದರೆ ಬೆಂಕಿಗೆ ಸಿಕ್ಕಿ ಹದ ಇಳಿದಿರಬಹುದು. ಒಂದೇ ಜಾಗದಲ್ಲಿ ಪುಟಿತ ಸತ್ತು, ಸುತ್ತಿಗೆ ತಾಗಿಸಿದಾಗ ಅಲ್ಲಿ ಮಾತ್ರ ಮಂದ ಸದ್ದು ಬಂದರೆ ಒಡಲಿಗೆ ಬೆಸೆದ ಮೇಲಿನ ಉಕ್ಕಿನ ಹಲಗೆ ಬಿಟ್ಟುಕೊಂಡಿದೆ, ಅದನ್ನು ಕೊಳ್ಳಬೇಡಿ. ಫಿಶರ್ ಮಾತ್ರ ಹುಟ್ಟಾ ಮೂಕ: ಒಡಲು ಎರಕದ ಕಬ್ಬಿಣ, ಆದ್ದರಿಂದ ಸದ್ದು ನೋಡಿ ತಳ್ಳಿಹಾಕಬೇಡಿ.

ಗುಳಿ ಬಿದ್ದ ಮೇಲ್ಮೈಯನ್ನು ಮಿಲ್ಲಿಂಗ್ (ಯಂತ್ರದಲ್ಲಿ ಹೆರೆದು ಸಪಾಟು) ಮಾಡಿಸುವುದು ಶುದ್ಧ ತಪ್ಪು. ಬಹಳಷ್ಟರಲ್ಲಿ ಉಕ್ಕಿನ ಹಲಗೆ ಒಂದೆರಡು ಸೆಂ.ಮೀ. ದಪ್ಪವೂ ಇರುವುದಿಲ್ಲ, ತೆಳುವಾದಷ್ಟೂ ಅದರ ಕೆಳಗಿನ ಮೆದು ಕಬ್ಬಿಣ ತಗ್ಗುತ್ತದೆ. ಚಕ್ಕೆ ಎದ್ದ ಅಂಚನ್ನು 3-6 ಮಿ.ಮೀ. ದುಂಡಗೆ ಮಾಡಿಕೊಂಡರೆ ಸಾಕು.

ಕೂರಿಸಲು ಒಣಗಿದ ಹುಣಸೆ ಅಥವಾ ಜಾಲಿಯ ಕೊರಡು ಚೆನ್ನ, ನಾರು ನೆಟ್ಟಗೆ ನಿಲ್ಲುವಂತೆ. ಹಸಿ ಮರ ಒಣಗುತ್ತಾ ಸೀಳುತ್ತದೆ. ಮೇಲೂ ಕೆಳಗೂ ಕಬ್ಬಿಣದ ಬಳೆಯನ್ನು ಕಾಯಿಸಿ ತೊಡಿಸಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣು ತಾಗುವ ಮಟ್ಟಕ್ಕೆ ಮೇಲ್ಮೈ ಬರಬೇಕು. ಇಬ್ಬರು ಸೇರಿ ಸಮ್ಮಟಿ ಹೊಡೆಯುವ ಕೆಲಸವೇ ಹೆಚ್ಚಾದರೆ 3-5 ಸೆಂ.ಮೀ. ತಗ್ಗಿಸಿ. ಎತ್ತರ ಜಾಸ್ತಿಯಾದರೆ ಭುಜ ನೋಯುತ್ತದೆ, ಕಡಿಮೆಯಾದರೆ ಸೊಂಟ. ಮಣ್ಣಿನ ನೆಲವಾದರೆ ಕೊರಡನ್ನು ಸುಮಾರು 60 ಸೆಂ.ಮೀ. ಹೂಳಿ, ಹೂಳುವ ಭಾಗಕ್ಕೆ ಮೊದಲೇ ಗೆದ್ದಲು ಮದ್ದು ಬಳಿಯಿರಿ.

ಕೊರಡಿನ ತಲೆಯನ್ನು ಮಟ್ಟಗೋಲಿಟ್ಟು ಸಮ ಮಾಡಿ, 3-4 ಮಿ.ಮೀ. ಸಿಲಿಕೋನ್ ಹರಡಿ, ಅದರ ಮೇಲೆ ಅಡಿಗಲ್ಲು ಇಳಿಸಿ ಒಂದು ದಿನ ಬಿಡಿ. ಕಿವಿ ಸೀಳುವ ನಾದ ಇದರಿಂದಲೇ ಬಹುಪಾಲು ಅಡಗುತ್ತದೆ. ಉಳಿದರೆ ಅಡಿಗಲ್ಲಿನ ಸೊಂಟಕ್ಕೆ ಸರಪಳಿ ಬಿಗಿಯಿರಿ, ಇಲ್ಲವೇ ಹಿಮ್ಮಡಿಯ ಅಡಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಅಂಟಿಸಿ. ಪಾದಗಳಿಗೆ ತೂತು ಕೊರೆಯಬೇಡಿ. ನಾಲ್ಕು ಪಾದಗಳನ್ನೂ ಅಪ್ಪುವ ಕಬ್ಬಿಣದ ಪಟ್ಟಿಗಳನ್ನು ಬೋಲ್ಟ್ ಹಾಕಿ ಕೆಳಗೆಳೆದು ಬಿಗಿಯಿರಿ. ಮರ ಕುಗ್ಗಿದಂತೆ ಇವು ಸಡಿಲವಾಗುತ್ತವೆ, ಬೇಸಿಗೆಯಲ್ಲಿ ಇನ್ನೂ ಬೇಗ. ಆಗಾಗ ಸ್ಪ್ಯಾನರ್ ಹಾಕುತ್ತಿರಿ.