ನಾಡಿ ನಿಧಾನವಾದಾಗ ನಾನು ಮೊದಲು ನೋಡುವುದು ಔಷಧಿ ಚೀಲ

ವಯಸ್ಸಾದವರ ನಾಡಿ 60ಕ್ಕಿಂತ ಕೆಳಗೆ ಬಂದರೆ ಮನೆಯವರಿಗೆ ಗಾಬರಿ. "ಪೇಸ್‌ಮೇಕರ್ ಹಾಕಿಸಲೇಬೇಕಾ ಡಾಕ್ಟ್ರೇ?" ಅಂತ, ಅಂದರೆ ಹೃದಯವನ್ನು ವಿದ್ಯುತ್ತಿನಿಂದ ಮಿಡಿಸುವ ಪುಟ್ಟ ಯಂತ್ರದ ಬಗ್ಗೆ, ಕೂರುವ ಮೊದಲೇ ಕೇಳುತ್ತಾರೆ. ಇರಿ, ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ಮಾತ್ರೆ ಅಷ್ಟೇ ಅಲ್ಲ, ಕಣ್ಣಿನ ಹನಿಯೂ ಬೇಕು.

ಇದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜಿ. ನಾಡಿ 42, ಎದ್ದು ನಿಂತರೆ ಕಣ್ಣು ಕತ್ತಲೆ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು, ಅದು ನಾಡಿಯನ್ನೂ ಇಳಿಸುವ ಬೀಟಾ ಬ್ಲಾಕರ್ ಜಾತಿಯ ಮಾತ್ರೆ, ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದೆ. ಆದರೂ ನಾಡಿ 46 ದಾಟಲಿಲ್ಲ. ಪೇಸ್‌ಮೇಕರ್‌ಗೆ ಚೀಟಿ ಬರೆಯುವ ಹೊತ್ತಿಗೆ ಅವರ ಮಗಳು ಸೊಸೆಗೆ ಫೋನಲ್ಲಿ ಹೇಳುತ್ತಿದ್ದರು, "ಬರೋದು ತಡವಾಗುತ್ತೆ, ಅಮ್ಮನ ಕಣ್ಣಿನ ಹನಿ ತಂದಿಲ್ಲ" ಅಂತ. ಕೇಳಿದರೆ ಗ್ಲಾಕೋಮಾಗೆ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಗೆ, ಟಿಮೊಲಾಲ್! ಅದೂ ಬೀಟಾ ಬ್ಲಾಕರ್ ಜಾತಿಯದೇ. ಕಣ್ಣಿಗೆ ಹಾಕಿದ್ದು ಸಣ್ಣ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ಔಷಧಿಯನ್ನು ಒಡೆಯುವ ಲಿವರ್‌ಗೆ ಸಿಗದೆ ನೇರ ರಕ್ತಕ್ಕೆ ಸೇರುತ್ತದೆ. ಕಣ್ಣಿನ ಡಾಕ್ಟರ್ ಬೇರೆ ಹನಿ ಕೊಟ್ಟರು. ಎರಡು ವಾರಕ್ಕೆ ನಾಡಿ 64, ತಲೆಸುತ್ತು ಹೋಯಿತು. ನಾನು ಮೊದಲ ದಿನವೇ ಕೇಳಬೇಕಿತ್ತು.

ಹೃದಯಕ್ಕೆ ಕೊಡುವ ಡಿಲ್ಟಿಯಾಜೆಮ್, ವೆರಾಪಮಿಲ್, ಡಿಗಾಕ್ಸಿನ್, ಮರೆವಿಗೆ ಕೊಡುವ ಡೊನೆಪೆಜಿಲ್, ಇವೂ ನಾಡಿಯನ್ನು ಇಳಿಸುತ್ತವೆ. ಹಾಗಂತ ಓದಿದ ತಕ್ಷಣ ಮಾತ್ರೆ ಬಿಡಬೇಡಿ. ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಾಘಾತದ ಅಪಾಯವಿದೆ. ಚೀಲದ ಜೊತೆಗೆ ಥೈರಾಯ್ಡ್, ಪೊಟ್ಯಾಸಿಯಂ, ಕಿಡ್ನಿ ಪರೀಕ್ಷೆ ಮಾಡಿಸುತ್ತೇನೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದಾ ಅಂತಲೂ ಕೇಳುತ್ತೇನೆ, ಯಾಕಂದ್ರೆ ಅದರಿಂದ ರಾತ್ರಿ ನಾಡಿ ಇಳಿಯಬಹುದು.

ಆಮೇಲೆ ಇಸಿಜಿ, ಬೇಕಾದರೆ 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ. ಬರೀ ಅಂಕಿ ನೋಡಿ ನಾನು ತೀರ್ಮಾನ ಮಾಡುವುದಿಲ್ಲ. ನಾಡಿ 48 ಇದ್ದೂ ದಿನಾ ಆರಾಮಾಗಿ ನಡೆದಾಡುವವರನ್ನು, ಇಸಿಜಿಯಲ್ಲಿ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇಲ್ಲದಿದ್ದರೆ, ಸುಮ್ನೆ ಬಿಟ್ಟು ಆಗಾಗ ನೋಡುತ್ತೇನೆ, ಏನೂ ಮಾಡದಿರುವುದೂ ಒಂದು ಚಿಕಿತ್ಸೆಯೇ ಅಲ್ವಾ? ಆದರೆ ಸರಿಪಡಿಸಬಹುದಾದ ಕಾರಣವಿಲ್ಲದೆ ಪೂರ್ತಿ ಹಾರ್ಟ್ ಬ್ಲಾಕ್ ಅಥವಾ ಮೊಬಿಟ್ಜ್ 2 (ಸಂಕೇತ ಇದ್ದಕ್ಕಿದ್ದಂತೆ ಆಗಾಗ ತಪ್ಪುವ ಬ್ಲಾಕ್) ಕಂಡರೆ, ತೊಂದರೆ ಇಲ್ಲ ಅಂದರೂ ಪೇಸ್‌ಮೇಕರ್ ಬೇಕು. ಇದಕ್ಕೆ ವರ್ಷಗಟ್ಟಲೆ ನುಂಗುವ ಮಾತ್ರೆ ಇಲ್ಲ. ಅಟ್ರೊಪಿನ್ ಇಂಜೆಕ್ಷನ್ ತುರ್ತಿನಲ್ಲಿ ಸ್ವಲ್ಪ ಹೊತ್ತು ದೂಡುತ್ತದೆ, ಅಷ್ಟೇ. ಸಂಕೇತದ ದಾರಿಯ ಕೆಳಭಾಗದಲ್ಲಿ ಬ್ಲಾಕ್ ಇದ್ದರೆ ಅದೂ ಕೆಲಸ ಮಾಡದೆ ಹೋಗಬಹುದು.

"ಈ ವಯಸ್ಸಲ್ಲಿ ಆಪರೇಷನ್ನಾ?" ಅಂದ 81ರ ಅಜ್ಜನಿಗೆ ಕೂರಿಸಿ ಹೇಳಿದೆ. ಎದೆ ಸೀಳುವುದಿಲ್ಲ. ಕುತ್ತಿಗೆಯ ಬುಡದ ಅಡ್ಡ ಎಲುಬಿನ (ಕಾಲರ್ ಬೋನ್) ಕೆಳಗೆ ಮರಗಟ್ಟಿಸಿ ಚಿಕ್ಕ ಗಾಯ ಮಾಡಿ, ರಕ್ತನಾಳದೊಳಗಿಂದ ಹೃದಯಕ್ಕೆ ತಂತಿ ಇಳಿಸಿ, ಯಂತ್ರವನ್ನು ಚರ್ಮದಡಿ ಇಡುತ್ತಾರೆ. ಸುಮಾರು ಒಂದು ಗಂಟೆಯ ಕೆಲಸ. ತಂತಿಯೇ ಇಲ್ಲದ ಪುಟ್ಟ ಕ್ಯಾಪ್ಸೂಲ್ ಥರದ್ದೂ ಇದೆ, ಅದು ಎಲ್ಲರಿಗೂ ಹೊಂದುವುದಿಲ್ಲ. ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಮೊಬೈಲನ್ನು ಆ ಕಡೆಯ ಜೇಬಲ್ಲಿ ಇಡಬೇಡಿ, 15 ಸೆಂಟಿಮೀಟರ್ ದೂರ ಇರಲಿ ಅಂದೆ.

ಮುಖ್ಯವಾದದ್ದು ಕೈ. ತಂತಿ ಜರುಗದಿರಲಿ ಅಂತ ಕೆಲವು ವಾರ ಆ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ ಅಂದಿದ್ದಕ್ಕೆ ಅಜ್ಜ ಕೈಯನ್ನು ಎದೆಗೇ ಕಟ್ಟಿಕೊಂಡಂತೆ ಇಟ್ಟುಕೊಂಡರು. ತಿಂಗಳಾದ ಮೇಲೆ ನೋಡಿದರೆ ನಾಡಿ ಚೆನ್ನಾಗಿದೆ, ಭುಜ ಮಾತ್ರ ಬಿಗಿದುಕೊಂಡಿದೆ. ಅದನ್ನು ಸಡಿಲಿಸಲು ಇನ್ನೂ ಎರಡು ತಿಂಗಳ ವ್ಯಾಯಾಮ ಬೇಕಾಯಿತು. ಈಗ ಎಲ್ಲರಿಗೂ ಕೈ ಹಿಡಿದೇ ತೋರಿಸುತ್ತೇನೆ: ಇಷ್ಟು ಎತ್ತಬಹುದು, ಇದಕ್ಕಿಂತ ಮೇಲೆ ಬೇಡ, ಆದರೆ ಇಷ್ಟನ್ನು ದಿನಾ ಆಡಿಸುತ್ತಲೇ ಇರಿ.