ಒಂದೇ ಚೌಕದಲ್ಲಿ ಹಿಡಿಸದ ಮನೆಮಾತು

ವಿಶ್ವವಿದ್ಯಾಲಯವೊಂದರ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಮನೆಗಳಲ್ಲಿ ಭಾಷಾಬಳಕೆಯ ಸಮೀಕ್ಷೆ ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಇದು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನೆಲ. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ (ಅಂದಿನ ಮೈಸೂರು ರಾಜ್ಯಕ್ಕೆ) ಸೇರಬೇಕೆಂದು 1967ರಲ್ಲಿ, ರಾಜ್ಯಗಳ ಗಡಿವಿವಾದ ಪರಿಶೀಲಿಸಿದ ಮಹಾಜನ ಆಯೋಗವು ಶಿಫಾರಸು ಮಾಡಿದ ನೆಲ. ಇಲ್ಲಿ ‘ನಿಮ್ಮ ಮಾತೃಭಾಷೆ ಯಾವುದು’ ಎಂದರೆ, ಉತ್ತರಿಸುವ ಮೊದಲು ಜನ ಕೇಳಿದವನ ಉದ್ದೇಶವನ್ನು ಅಳೆಯುತ್ತಾರೆ. ಇದೇ ಮಣ್ಣಿನವನಾದ ನನಗೆ ಅದು ತಿಳಿದಿರಬೇಕಿತ್ತು. ಆದರೂ ಮೊದಲ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಗೆ ಒಂದೇ ಚೌಕವನ್ನಿಟ್ಟಿದ್ದೆ.

ಪೂರ್ವಪರೀಕ್ಷೆಗೆಂದು ಪೈವಳಿಕೆಯ ಕಡೆ ಹೋದಾಗ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ಕೈಕೆಲಸ ನಿಲ್ಲಿಸದೆಯೇ ಹೇಳಿದರು: “ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ರೇಷನ್ ಅಂಗಡಿಯಲ್ಲಿ ಮಲಯಾಳ. ನಿನಗೆ ಯಾವುದು ಬೇಕು ಮಗಾ?” ಲೆಕ್ಕದ ಪುಸ್ತಕ, ದೇವರ ಭಜನೆ, ಮಗಳಿಗೆ ಬರೆದ ಕಾಗದ ಎಲ್ಲವೂ ಅವರಿಗೆ ಕನ್ನಡವೇ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯೇ ಮಾತೃಭಾಷೆ ಎಂಬ ಜನಗಣತಿಯ ವ್ಯಾಖ್ಯೆಯಂತೆ ನಾನು ತುಳು ಎಂದಷ್ಟೇ ಬರೆದರೆ, ಅವರು ಓದಿ ಬರೆದ ಕನ್ನಡವಷ್ಟೂ ಆ ಹಾಳೆಯಿಂದ ಹೊರಗುಳಿಯುತ್ತಿತ್ತು. ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರ ಹಾಳೆಗಳಲ್ಲಿಯೂ ಇದೇ ತೊಡಕು ಕಂಡಿತು.

ಆ ಚೌಕವನ್ನು ತೆಗೆದೆ. ಬದಲಿಗೆ ತಾಯಿಯೊಡನೆ, ಗಂಡ ಅಥವಾ ಹೆಂಡತಿಯೊಡನೆ, ಮೊಮ್ಮಕ್ಕಳೊಡನೆ, ಪಂಚಾಯತು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಯಾವ ಮಾತು, ಓದುವುದು ಯಾವ ಲಿಪಿ ಎಂದು ಬೇರೆ ಬೇರೆಯಾಗಿ ಕೇಳತೊಡಗಿದೆವು. ಮೊಮ್ಮಕ್ಕಳ ಪ್ರಶ್ನೆಯ ಬಳಿ ಹಲವರು ತಡೆದು ನಿಲ್ಲುತ್ತಿದ್ದರು. ಆ ತಡೆಯನ್ನೂ ಅಂಚಿನಲ್ಲಿ ಬರೆದುಕೊಳ್ಳಬೇಕೆಂದು ಜೊತೆಗಾರರಿಗೆ ಹೇಳಿದ್ದೆ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ನಾನು ಕನ್ನಡದಲ್ಲಿ ಕೇಳಿದ ಮನೆಗೆ ಮಲಯಾಳ ಮಾತಾಡುವ ಸಹೋದ್ಯೋಗಿ ಮರುಭೇಟಿಗೆ ಹೋದಾಗ ಕೆಲವು ಉತ್ತರಗಳು ಬದಲಾಗಿದ್ದವು. ಸುಳ್ಳು ಹೇಳಿದರೆಂದು ನಾನು ತಿಳಿಯುವುದಿಲ್ಲ, ಎದುರಿಗಿರುವವರ ಮಾತಿಗೆ ಹೊಂದಿಕೊಳ್ಳುವುದು ಈ ಊರಿನ ಮರ್ಯಾದೆ. ಸಂದರ್ಶನದ ಭಾಷೆಯನ್ನು ಮನೆಯವರೇ ಆರಿಸಲಿ, ಅದನ್ನು ಮೊದಲ ಪುಟದಲ್ಲಿಯೇ ದಾಖಲಿಸೋಣ ಎಂದು ಅಂದು ನಿರ್ಧರಿಸಿದೆವು.

ಯಾವ ಮನೆಗಳಿಗೆ ಹೋಗಬೇಕೆಂಬ ಮಾದರಿಯ ಆಯ್ಕೆ ಮತದಾರರ ಪಟ್ಟಿಯಿಂದ ನಡೆಯಿತು. ತೋಟಗಳ ನಡುವೆ ಚದುರಿದ ಮನೆಗಳನ್ನು ಹುಡುಕಲು ಅಂಚೆಯವರು ನೆರವಾದರು. ಒಪ್ಪಿಗೆ ಪತ್ರಕ್ಕೆ ಸಹಿ ಎಂದೊಡನೆ ‘ಇದು ಯಾವ ಸರಕಾರಕ್ಕೆ’ ಎಂಬ ಪ್ರಶ್ನೆ ಬರುತ್ತಿದ್ದುದರಿಂದ, ಪತ್ರವನ್ನು ಪೂರ್ತಿ ಓದಿ ಹೇಳಿ ಬಾಯಿಮಾತಿನ ಒಪ್ಪಿಗೆ ಪಡೆದೆವು.

ದತ್ತಾಂಶವನ್ನು ಕಂಪ್ಯೂಟರಿಗೆ ಏರಿಸುವಾಗ ಪ್ರತಿಯೊಬ್ಬರಿಗೂ ಒಂದೇ ಭಾಷೆಯ ಸಂಕೇತ ಸಂಖ್ಯೆ ಸಾಕು, ಕೋಷ್ಟಕ ಸರಳವಾಗುತ್ತದೆ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಆ ಅಜ್ಜಿಯ ಸಾಲಿನಲ್ಲಿ ಇಂದಿಗೂ ಮೂರು ಭಾಷೆಗಳಿವೆ, ಲಿಪಿಯ ಅಂಕಣದಲ್ಲಿ ಕನ್ನಡವಿದೆ.